ಚೌಕಾಸಿ, ಸತ್ಯ ಮತ್ತು ಅಚೌರ್ಯ: ಒಂದು ಹಳೆಯ ಕಾರಿನ ನಿದರ್ಶನ

ಗೃಹಸ್ಥನ ವ್ರತಗಳಿಗೆ ನಿಜವಾದ ಒರೆಗಲ್ಲು ಆತನ ಕ್ರಯವಿಕ್ರಯ. ಪೂಜೆ, ಸ್ವಾಧ್ಯಾಯಗಳ ಹೊತ್ತಿನಲ್ಲಿ ಸುಳ್ಳಾಡುವ ಪ್ರಸಂಗವೇ ಅಪರೂಪ. ಕೈಯಲ್ಲಿ ಹಣವನ್ನೋ ಸರಕನ್ನೋ ಹಿಡಿದು ಇನ್ನೊಬ್ಬನ ಎದುರು ನಿಂತಾಗ ನಾಲಗೆ ತಾನಾಗಿಯೇ ಅತ್ತಿತ್ತ ಹೊರಳತೊಡಗುತ್ತದೆ. ಬೆಲೆಯನ್ನು ಮುದ್ರಿಸಿದ ಹೊಸ ಸರಕಿನ ವ್ಯವಹಾರ ಅಷ್ಟೇನೂ ತೊಡಕಿನದಲ್ಲ. ಸರಕು ಹಳೆಯದಾಗಿ, ದುರಸ್ತಿ ಬೇಡುವಂಥದಾಗಿ, ಅದರ ದೋಷಗಳು ಕಣ್ಣಿಗೆ ಕಾಣದ ಕಡೆ ಅಡಗಿದ್ದು, ಬೆಲೆಯೂ ಮಾತಿನಲ್ಲಿಯೇ ತೀರ್ಮಾನವಾಗಬೇಕಾದಾಗ ಧರ್ಮಸೂಕ್ಷ್ಮಗಳು ಒಂದೊಂದಾಗಿ ತಲೆಯೆತ್ತುತ್ತವೆ. ಮಾರುವವನು ಎಷ್ಟನ್ನು ಹೇಳಬೇಕು? ಕೊಳ್ಳುವವನು ಎಷ್ಟನ್ನು ಹೇಳದಿರಬಹುದು? ಚೌಕಾಸಿಯ ಮಾತಿಗೂ ಸತ್ಯದ ಕಟ್ಟುಪಾಡು ಉಂಟೇ?

ಪ್ರಾಚೀನರು ಈ ಪ್ರಶ್ನೆಗಳನ್ನು ಮನೆ, ಧಾನ್ಯ, ಕುದುರೆಗಳ ದೃಷ್ಟಾಂತದಿಂದ ಚರ್ಚಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಆ ಸ್ಥಾನ ಹಳೆಯ ಕಾರಿಗೆ ಬಂದಿತು. ಹಳೆಯ ಕಾರುಗಳಲ್ಲಿಯೂ ಜನರು ಮೋಹಪಟ್ಟು ಹುಡುಕುವ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಂಡರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಕೊಳ್ಳುವವನನ್ನು ನಡೆಸುವುದು ಅಗತ್ಯಕ್ಕಿಂತ ಹೆಚ್ಚಾಗಿ ಆಸೆ. ಆಸೆಯಿದ್ದೆಡೆ ಮರೆಮಾಚುವುದೂ ಸುಲಭ, ಮರುಳಾಗುವುದೂ ಸುಲಭ.

ಒಂದು ಕಾರು, ಇಬ್ಬರು ವ್ಯವಹಾರಸ್ಥರು

ಇಂಗ್ಲೆಂಡಿನ ಎಂಜಿಬಿ ಎಂಬ ಕಾರು ಇದಕ್ಕೆ ತಕ್ಕ ನಿದರ್ಶನ. ಆಕ್ಸ್‌ಫರ್ಡ್ ನಗರಕ್ಕೆ ಸಮೀಪದ ಅಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಇದು ತಯಾರಾಯಿತು. ಸೋದರ ಮಾದರಿಗಳನ್ನೂ ಸೇರಿಸಿದರೆ ಐದು ಲಕ್ಷಕ್ಕಿಂತ ಹೆಚ್ಚು ಕಾರುಗಳು ಹೊರಬಂದವು. ನಾಲ್ಕು ಸಿಲಿಂಡರಿನ, 1,798 ಸಿಸಿ ಸಾಮರ್ಥ್ಯದ ಸರಳವಾದ ಎಂಜಿನ್, ಇಬ್ಬರಿಗೆ ಆಸನ, ಬಿಸಿಲಿದ್ದಾಗ ಮಡಿಸಿಡಬಹುದಾದ ಬಟ್ಟೆಯ ಮೇಲುಹೊದಿಕೆ. ಬಿಡಿಭಾಗಗಳು ಇಂದಿಗೂ ಸುಲಭವಾಗಿ ದೊರೆಯುವುದರಿಂದ, ಹೆಚ್ಚು ಸಿರಿವಂತರಲ್ಲದವರೂ ಇಂಥ ಕಾರೊಂದನ್ನು ಕೊಂಡು ತಾವೇ ದುರಸ್ತಿ ಮಾಡಿಕೊಳ್ಳುವ ಕನಸು ಕಾಣುತ್ತಾರೆ.

ಈ ಕಾರಿಗೆ ಪ್ರತ್ಯೇಕವಾದ ಚಾಸಿ ಇಲ್ಲ. ಅದರ ಒಡಲೇ ಅದರ ಬೆನ್ನೆಲುಬು. ಬಾಗಿಲ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೂ ಸಾಗುವ, ‘ಸಿಲ್’ ಎಂದು ಕರೆಯುವ ಉಕ್ಕಿನ ಪೆಟ್ಟಿಗೆಯಂಥ ಭಾಗವೇ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವುದು. ಮೇಲ್ಚಾವಣಿಯ ಬಲವಿಲ್ಲದ ತೆರೆದ ಕಾರಿನಲ್ಲಿ ಅದರ ಹೊಣೆ ಇನ್ನೂ ಹೆಚ್ಚು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ಬ್ರಿಟನ್ನಿನ ರಸ್ತೆಗಳಿಗೆ ಉಪ್ಪನ್ನು ಚೆಲ್ಲುತ್ತಾರೆ. ಆ ಉಪ್ಪುನೀರು ಸಿಲ್‌ನ ಪದರಗಳ ನಡುವೆ ಸೇರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಸರಿಯಾದ ದುರಸ್ತಿಯೆಂದರೆ ಕೊಳೆತ ಭಾಗವನ್ನೆಲ್ಲ ಕತ್ತರಿಸಿ ತೆಗೆದು ಹೊಸ ಉಕ್ಕನ್ನು ಪದರ ಪದರವಾಗಿ ಬೆಸೆಯುವುದು. ಅದಕ್ಕೆ ದಿನಗಟ್ಟಲೆ ಕೆಲಸ, ಕೈತುಂಬ ಖರ್ಚು. ಕಳ್ಳ ದುರಸ್ತಿಯೆಂದರೆ ಕೊಳೆತದ್ದರ ಮೇಲೆಯೇ ತಗಡೊಂದನ್ನು ವೆಲ್ಡ್ ಮಾಡಿ, ಪುಟ್ಟಿ ಮೆತ್ತಿ, ಬಣ್ಣ ಬಳಿಯುವುದು.

ಅನುಭವಿಗಳು ಕಾರನ್ನು ನೋಡಲು ಹೋಗುವಾಗ ಜೊತೆಯಲ್ಲಿ ಅಯಸ್ಕಾಂತವನ್ನು ಕೊಂಡೊಯ್ಯುತ್ತಾರೆ. ದಪ್ಪನಾಗಿ ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಜಾಕಿ ಕೊಟ್ಟು ಎತ್ತಿದಾಗ ಬಾಗಿಲ ಸಂದು ಕಿರಿದಾಗಿ ಬಾಗಿಲು ಸಿಕ್ಕಿಕೊಂಡರೆ ಒಡಲು ಬಾಗುತ್ತಿದೆಯೆಂದು ತಿಳಿಯುತ್ತಾರೆ. ಆದರೆ ಮೇಲೆ ಬೆಸೆದ ತಗಡಿಗೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ. ಅದರ ಹಿಂದೆ ಏನಿದೆಯೆಂಬುದನ್ನು ಅದು ಹೇಳಲಾರದು. ಕತ್ತರಿಸಿ ನೋಡಿದ ಮೇಲೆಯೇ ತಿಳಿಯುವ ಸತ್ಯ ಅದು. ಅದನ್ನು ಮೊದಲೇ ಬಲ್ಲವನು, ಬಲ್ಲವನಿದ್ದರೆ, ಮಾರುವವನೊಬ್ಬನೇ.

ಇಂಥ ಕಾರೊಂದಕ್ಕೆ ಮಾರುವವನು 9,000 ಪೌಂಡ್ ಕೇಳುತ್ತಾನೆ, 7,000ಕ್ಕಿಂತ ಕಡಿಮೆಗೆ ಕೊಡಬಾರದೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದಾನೆ ಎಂದು ಭಾವಿಸಬಹುದು. ಕೊಳ್ಳುವವನು 6,000ಕ್ಕೆ ಕೇಳುತ್ತಾನೆ. 8,000ದವರೆಗೆ ಕೊಡಲು ಅವನು ಒಳಗೊಳಗೇ ಸಿದ್ಧ. ಏಳು ಮತ್ತು ಎಂಟು ಸಾವಿರಗಳ ನಡುವೆ ಯಾವ ಅಂಕಿಗೆ ಒಪ್ಪಂದವಾದರೂ ಇಬ್ಬರಿಗೂ ಲಾಭವೇ. ಆ ಅಂಕಿಯನ್ನು ಹುಡುಕುವ ಮಾತುಕತೆಯೇ ಚೌಕಾಸಿ. ಹೀಗೆ ನೋಡಿದರೆ ಚೌಕಾಸಿಯು ಸ್ವಭಾವತಃ ಅಧರ್ಮವಲ್ಲ. ಅಧರ್ಮವು ಅದರೊಳಗೆ ಎಲ್ಲಿಂದ ಪ್ರವೇಶಿಸುತ್ತದೆ ಎಂಬುದೇ ವಿಚಾರಾರ್ಹ.

ಬೆಲೆಯ ಮಾತು

ವ್ಯಾಪಾರದ ಮಾತು ಇಸ್ಪೀಟಿನ ಪೋಕರ್ ಆಟದಂತೆ. ಆಟದ ನಿಯಮವನ್ನು ಬಲ್ಲವರ ನಡುವೆ ಹುಸಿಮಾತು ವಂಚನೆಯೆನಿಸದು ಎಂಬ ವಾದವನ್ನು ಅಮೆರಿಕದ ಆಲ್ಬರ್ಟ್ ಕಾರ್ ಎಂಬವರು 1968ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಮಂಡಿಸಿದರು. ಇದಕ್ಕೆ ನೇರ ವಿರುದ್ಧವಾದ ನಿಲುವು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಥದವರದು. ಕೊನೆಗೆ ಒಪ್ಪಿಕೊಳ್ಳುವ ಬೆಲೆಗಿಂತ ಹೆಚ್ಚನ್ನು ಮೊದಲು ಕೇಳುವುದೇ ಅಸತ್ಯವೆಂದು ಬಗೆದು ಅವರು ಚೌಕಾಸಿಯನ್ನು ತ್ಯಜಿಸಿ ಒಂದೇ ಬೆಲೆ ಹೇಳುವ ರೂಢಿಯನ್ನು ಪಾಲಿಸಿದರು. ಮಗುವನ್ನು ಕಳುಹಿಸಿದರೂ ಅದೇ ಬೆಲೆಗೆ ಸರಕು ದೊರೆಯುತ್ತದೆಂಬ ವಿಶ್ವಾಸವು ಅವರ ಅಂಗಡಿಗಳಿಗೆ ಒಳ್ಳೆಯ ಹೆಸರನ್ನು ತಂದಿತು.

ಕ್ವೇಕರ್ ವರ್ತಕರ ನಡತೆ ಗೌರವಾರ್ಹವಾದುದು. ಆದರೆ ಗಜದ ಲೆಕ್ಕದಲ್ಲಿ ಮಾರುವ ಬಟ್ಟೆಗೆ ಒಂದೇ ಬೆಲೆಯನ್ನು ನಿಗದಿಪಡಿಸಿದಂತೆ, ಒಂದರಂತೆ ಇನ್ನೊಂದಿಲ್ಲದ, ಐವತ್ತು ವರ್ಷ ಸವೆದ ಕಾರಿಗೆ ನಿಗದಿಪಡಿಸುವುದು ಹೇಗೆ? ಅದರ ಬೆಲೆ ಮಾರುವವನಿಗೂ ನಿಶ್ಚಿತವಾಗಿ ತಿಳಿದಿರುವುದಿಲ್ಲ. ಇನ್ನೊಬ್ಬನು ಎಷ್ಟು ಬಯಸುತ್ತಾನೆಂಬುದು ತಿಳಿದ ಮೇಲೆಯೇ ಅದು ಗೊತ್ತಾಗುವುದು. ಆದ್ದರಿಂದ ಇಂಥ ವಸ್ತುವಿನ ವಿಷಯದಲ್ಲಿ ಚೌಕಾಸಿಯನ್ನು ಪೂರ್ತಿಯಾಗಿ ನಿಷೇಧಿಸುವುದು ಕಾರ್ಯಸಾಧ್ಯವಲ್ಲ.

ಹಾಗೆಂದು ಕಾರ್ ಅವರ ವಾದವನ್ನು ಇಡಿಯಾಗಿ ಒಪ್ಪಬೇಕಾಗಿಯೂ ಇಲ್ಲ. ಚೌಕಾಸಿಯಲ್ಲಿ ಆಡುವ ಮಾತುಗಳನ್ನು ಬಿಡಿಸಿ ನೋಡಿದರೆ ಮೂರು ಬಗೆಗಳು ಕಾಣುತ್ತವೆ. ಮೊದಲನೆಯದು ತನ್ನ ಇಚ್ಛೆಯನ್ನು ಕುರಿತ ಮಾತು: “ಆರು ಸಾವಿರಕ್ಕೆ ಕೊಡುವಿರಾ?” ಎಂಬುದು. ಇದು ಪ್ರಶ್ನೆ ಮತ್ತು ಪ್ರಸ್ತಾವ. ಒಪ್ಪಿದರೆ ಆತನು ಆರು ಸಾವಿರವನ್ನು ಕೊಟ್ಟೇ ತೀರುತ್ತಾನಾದ್ದರಿಂದ ಇದರಲ್ಲಿ ಹುಸಿಯಿಲ್ಲ. ತನ್ನ ಮಿತಿ ಎಂಟು ಸಾವಿರವೆಂದು ಸಾರುವ ಹೊಣೆಯೂ ಆತನ ಮೇಲಿಲ್ಲ. ಎರಡನೆಯದು ಅನ್ಯರನ್ನು ಕುರಿತ ಮಾತು: “ನಿನ್ನೆ ಒಬ್ಬರು ಎಂಟೂವರೆಗೆ ಕೇಳಿ ಹೋಗಿದ್ದಾರೆ” ಎಂಬುದು. ಇದು ನಡೆದ ಸಂಗತಿಯ ನಿರೂಪಣೆ. ಯಾರೂ ಬಂದಿರದಿದ್ದರೆ ಇದು ಶುದ್ಧ ಅನೃತ. ಆಟವೆಂಬ ಹೆಸರಿನಿಂದ ಅದರ ಕಲೆ ತೊಳೆದುಹೋಗದು. ಮೂರನೆಯದು ವಸ್ತುವನ್ನು ಕುರಿತ ಮಾತು. ಅದರ ವಿಚಾರ ಮುಂದೆ ಬರುತ್ತದೆ.

ಇವುಗಳ ನಡುವೆ ತೂಗಾಡುವ ವಾಕ್ಯವೊಂದುಂಟು: “ಇದೇ ಕಡೆಯ ಮಾತು, ಇನ್ನು ಒಂದು ಪೌಂಡೂ ಹೆಚ್ಚಿಸಲಾರೆ.” ಆಡಿದವನು ಮರುಕ್ಷಣದಲ್ಲಿ ಹೆಚ್ಚಿಸಲು ಸಿದ್ಧನಾಗಿದ್ದರೆ ಇದು ಸುಳ್ಳೇ? ಎದುರಿಗಿರುವವನೂ ಇದನ್ನು ನಂಬುವುದಿಲ್ಲ, ಆದ್ದರಿಂದ ದೋಷವಿಲ್ಲವೆಂದು ಲೋಕ ಹೇಳುತ್ತದೆ. ಆದರೆ ನಂಬದಿರಲಿ ಎಂದೇ ಯಾರಾದರೂ ಮಾತನಾಡುತ್ತಾರೆಯೇ? ಕೇಳುವವನು ಕಿಂಚಿತ್ತಾದರೂ ನಂಬಲೆಂದೇ ಆ ಮಾತು ಹೊರಡುವುದು. ನಂಬಿದರೆ ಮಾತ್ರ ಅದರಿಂದ ಪ್ರಯೋಜನ. ವ್ರತಸ್ಥನಿಗೆ ಇಲ್ಲಿ ಸುಲಭವಾದ ದಾರಿಯೊಂದು ತೆರೆದೇ ಇದೆ. “ನನ್ನ ಮಿತಿಯನ್ನು ಹೇಳಲಾರೆ, ಈಗ ನಾನು ಕೊಡುವುದು ಇಷ್ಟು” ಎಂದರೆ ಸಾಕು. ಅದು ಸತ್ಯವೂ ಹೌದು, ಗೋಪ್ಯವೂ ಉಳಿಯಿತು. ಮೌನಕ್ಕೆ ಅವಕಾಶವಿರುವೆಡೆ ಸುಳ್ಳನ್ನು ಅನಿವಾರ್ಯವೆನ್ನಲಾಗದು.

ವಸ್ತುವಿನ ಮಾತು

ದೋಷವಿರುವ ಮನೆಯನ್ನು ಮಾರುವವನ ಪ್ರಶ್ನೆಯನ್ನು ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಎತ್ತಿಕೊಂಡಿದ್ದಾನೆ. ಮನೆಯ ಮರಮುಟ್ಟು ದುರ್ಬಲವಾಗಿದೆ, ಕೋಣೆಗಳಲ್ಲಿ ಹಾವುಗಳು ಕಾಣಿಸಿಕೊಳ್ಳುತ್ತವೆ. ಇದು ಮನೆಯ ಒಡೆಯನೊಬ್ಬನಿಗೇ ಗೊತ್ತು. ಆತನು ಹೇಳಬೇಕೇ? ಸ್ಟೋಯಿಕ್ ಪಂಥದ ಇಬ್ಬರು ಆಚಾರ್ಯರು ಇದಕ್ಕೆ ಭಿನ್ನ ಉತ್ತರಗಳನ್ನು ಕೊಟ್ಟರೆಂದು ಸಿಸೆರೊ ನಿರೂಪಿಸುತ್ತಾನೆ. ಮಾರುವವನು ಯಾರನ್ನೂ ಬಲವಂತಪಡಿಸಲಿಲ್ಲ, ಹೇಳದಿರುವುದು ಮರೆಮಾಚುವುದಲ್ಲ ಎಂದು ಬ್ಯಾಬಿಲೋನಿನ ಡಯೋಜೆನಿಸ್‌ನ ಪಕ್ಷ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಇದು ಕೆಟ್ಟದ್ದು, ತಿಳಿದೂ ತಿಳಿದೂ ಇನ್ನೊಬ್ಬನನ್ನು ತಪ್ಪಿಗೆ ನೂಕಿದಂತೆ ಎಂದು ಆಂಟಿಪೇಟರ್‌ನ ಪಕ್ಷ. ಸಿಸೆರೊ ತೀರ್ಪು ಕೊಟ್ಟದ್ದು ಆಂಟಿಪೇಟರ್‌ನ ಕಡೆಗೆ. ಹೇಳದಿರುವುದೆಲ್ಲ ಮರೆಮಾಚುವಿಕೆಯಲ್ಲವೆಂಬುದನ್ನು ಆತನೂ ಬಲ್ಲ; ಆದರೆ ತಿಳಿಯುವುದರಿಂದ ಯಾರಿಗೆ ಹಿತವೋ ಅವರನ್ನು ಸ್ವಂತ ಲಾಭಕ್ಕಾಗಿ ಅಜ್ಞಾನದಲ್ಲಿರಿಸುವುದು ಮರೆಮಾಚುವಿಕೆಯೇ ಸರಿ ಎಂದು ಅವನ ಅಭಿಪ್ರಾಯ.

ಅಸತ್ಯದ ವಿಂಗಡಣೆಯಲ್ಲಿ ಜೈನಾಚಾರ್ಯರು ಇನ್ನೂ ಮುಂದೆ ಹೋಗಿದ್ದಾರೆ. ಹತ್ತನೆಯ ಶತಮಾನದ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಭಾಗಿಸುತ್ತಾರೆ: ಇರುವುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು, ಒಂದನ್ನು ಇನ್ನೊಂದೆಂದು ಹೇಳುವುದು, ಹಾಗೂ ನಿಂದ್ಯವೂ ಪಾಪಯುಕ್ತವೂ ಅಪ್ರಿಯವೂ ಆದ ಮಾತನ್ನಾಡುವುದು. ಹಳೆಯ ಕಾರಿನ ವ್ಯಾಪಾರಕ್ಕೆ ಈ ವಿಭಾಗ ಅಚ್ಚರಿಯಾಗುವಷ್ಟು ಹೊಂದಿಕೆಯಾಗುತ್ತದೆ. “ತುಕ್ಕಿಲ್ಲ” ಎಂಬುದು ಮೊದಲನೆಯದು. ಬಿಚ್ಚಿಯೇ ಇರದ ಎಂಜಿನ್ನನ್ನು ಹೊಸದಾಗಿ ಕಟ್ಟಿಸಲಾಗಿದೆ ಎನ್ನುವುದು ಎರಡನೆಯದು. ಬೇರೊಂದು ಕಾರಿನಿಂದ ತಂದು ಕೂರಿಸಿದ ಎಂಜಿನ್ನನ್ನು ಇದರ ಮೂಲ ಎಂಜಿನ್ನೆಂದು ತೋರಿಸುವುದು ಮೂರನೆಯದು. ನಾಲ್ಕನೆಯದು ಹೆಚ್ಚಾಗಿ ಕೊಳ್ಳುವವನ ನಾಲಗೆಯಲ್ಲಿ ನೆಲೆಸಿರುತ್ತದೆ. ತಾನು ತಿಂಗಳುಗಟ್ಟಲೆ ಹುಡುಕಿ ಬಂದ ಕಾರನ್ನೇ ಗುಜರಿಯೆಂದು ಜರೆದು, ಅದನ್ನು ಜತನದಿಂದ ಕಾಪಾಡಿದವನ ಮನಸ್ಸನ್ನು ನೋಯಿಸಿ, ಬೆಲೆಯನ್ನು ಇಳಿಸಲು ಯತ್ನಿಸುವುದು ಅದು. ದೋಷವನ್ನು ಬೆರಳಿಟ್ಟು ತೋರಿಸಿ, ಅದರ ದುರಸ್ತಿಗೆ ತಗಲುವ ವೆಚ್ಚವನ್ನು ಲೆಕ್ಕ ಹಾಕಿ ಹೇಳುವುದು ನ್ಯಾಯ. ಒಳಗೆ ಮೆಚ್ಚಿಕೊಂಡು ಹೊರಗೆ ತೆಗಳುವುದು ಎರಡು ದೋಷಗಳನ್ನು ಒಟ್ಟಿಗೆ ಎಸಗಿದಂತೆ.

ಸುಳ್ಳನ್ನು ಬಾಯಿಂದಲೇ ಆಡಬೇಕೆಂದೇನೂ ಇಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಕೊಳೆತ ಸಿಲ್‌ನ ಮೇಲೆ ಬಳಿದ ಹೊಸ ಬಣ್ಣ ಮಾತಿಲ್ಲದೆ “ಇದು ಗಟ್ಟಿ” ಎನ್ನುತ್ತದೆ. ಆ ಬಣ್ಣವನ್ನು ಬಳಿಸಿದವನು ಆಮೇಲೆ ಎಷ್ಟೇ ಮೌನಿಯಾಗಿದ್ದರೂ ಸುಳ್ಳನ್ನು ಆಡಿಯಾಗಿದೆ. ಕೃತಕ ವಸ್ತುವನ್ನು ಅಸಲಿಯೆಂದು ಸಾಗಹಾಕುವ ‘ಪ್ರತಿರೂಪಕ ವ್ಯವಹಾರ’ವನ್ನು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸದೆ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಅರ್ಥಪೂರ್ಣವಾಗಿದೆ. ಅಲ್ಲಿ ನಡೆದಿರುವುದು ಬರಿಯ ಮಾತಿನ ತಪ್ಪಲ್ಲ. ಪರರ ಹಣದ ಅಪಹರಣ.

“ಗೊತ್ತಿಲ್ಲ” ಎಂಬ ಮಾತು

ಹಳೆಯ ಕಾರಿನ ವಿಷಯದಲ್ಲಿ ಮಾರುವವನಿಗೂ ತಿಳಿಯದ ಸಂಗತಿಗಳು ಬಹಳ. ಅದು ಆರೇಳು ಕೈ ದಾಟಿ ಬಂದಿರುತ್ತದೆ. ಹಿಂದಿನವರು ಏನು ಮಾಡಿದರೆಂಬುದಕ್ಕೆ ದಾಖಲೆ ಇರುವುದಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳು ಇದನ್ನು ಹಳೆಯ ಕಾರುಗಳ ಮೊಕದ್ದಮೆಗಳಲ್ಲಿಯೇ ವಿಮರ್ಶಿಸಿವೆ.

1957ರ ಆಸ್ಕರ್ ಚೆಸ್ ಮೊಕದ್ದಮೆಯಲ್ಲಿ ಒಬ್ಬ ಸಾಮಾನ್ಯ ಮನುಷ್ಯನು ತನ್ನ ಮಾರಿಸ್ ಕಾರನ್ನು 1948ರ ಮಾದರಿಯೆಂದು ನಂಬಿ ಕಾರಿನ ವ್ಯಾಪಾರಸ್ಥರಿಗೆ ಕೊಟ್ಟಿದ್ದನು. ಅದು 1939ರದು, ಹಿಂದೆ ಯಾರೋ ನೋಂದಣಿ ಪುಸ್ತಕವನ್ನು ತಿದ್ದಿದ್ದರು. ಕಾರಿನ ವರ್ಷವನ್ನು ಪರಿಶೀಲಿಸಿ ತಿಳಿಯುವ ಅನುಕೂಲ ವ್ಯಾಪಾರಸ್ಥರಿಗೇ ಹೆಚ್ಚಾಗಿದ್ದುದರಿಂದ ನಷ್ಟವನ್ನು ತುಂಬುವ ಹೊಣೆ ಆ ಮನುಷ್ಯನ ಮೇಲೆ ಬೀಳಲಿಲ್ಲ. 1965ರ ಡಿಕ್ ಬೆಂಟ್ಲಿ ಮೊಕದ್ದಮೆಯಲ್ಲಿ ಪರಿಸ್ಥಿತಿ ತಿರುಗುಮುರುಗಾಗಿತ್ತು. ಬದಲಿ ಎಂಜಿನ್ ಕೂರಿಸಿದ ಮೇಲೆ ಬೆಂಟ್ಲಿ ಕಾರು 20,000 ಮೈಲಿ ಮಾತ್ರ ಓಡಿದೆಯೆಂದು ಹೇಳಿದವನು ವೃತ್ತಿನಿರತ ವ್ಯಾಪಾರಿ, ಅದು ಸುಳ್ಳಾಗಿತ್ತು. ವಿಚಾರಿಸಿ ತಿಳಿಯಬಹುದಾಗಿದ್ದರೂ ವಿಚಾರಿಸದೆ ಹೇಳಿದ ಮಾತಿಗೆ ಆತನೇ ಹೊಣೆಯೆಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಎರಡೂ ಮೊಕದ್ದಮೆಗಳ ವಿಚಾರಣೆಯಲ್ಲಿ ಪಾಲ್ಗೊಂಡಿದ್ದ ನ್ಯಾಯಾಧೀಶ ಡೆನಿಂಗ್, ಯಾರು ತಿಳಿಯಬಲ್ಲ ಸ್ಥಾನದಲ್ಲಿದ್ದರು ಎಂಬ ಪ್ರಶ್ನೆಗೇ ಪ್ರಾಧಾನ್ಯ ಕೊಟ್ಟರು.

ಮೂರನೆಯ ಪ್ರಕರಣ ಇನ್ನೂ ವಿಚಿತ್ರವಾದುದು. 1967ರ ಆ ತೀರ್ಪು ಟ್ರಯಂಫ್ ಹೆರಾಲ್ಡ್ ಕಾರಿಗೆ ಸಂಬಂಧಿಸಿದ್ದು. ಮದರಾಸಿನ ಕಾರ್ಖಾನೆಯಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹೊರಬಂದು ಭಾರತೀಯರಿಗೆ ಪರಿಚಿತವಾಗಿದ್ದ ಕಾರಿನ ಮೂಲ ಅದೇ. 1961ರ ಕಾರೆಂದು ಜಾಹೀರಾತು ಕೊಟ್ಟು ಮಾರಿದ್ದ ಆ ವಾಹನದ ಹಿಂದಿನ ಅರ್ಧ ಮಾತ್ರ 1961ರದಾಗಿತ್ತು. ಮುಂದಿನ ಅರ್ಧ ಅದಕ್ಕಿಂತ ಹಳೆಯ ಇನ್ನೊಂದು ಕಾರಿನದು; ಎರಡನ್ನೂ ನಡುವೆ ಬೆಸೆಯಲಾಗಿತ್ತು. ಮಾರಿದವನಿಗೂ ಇದು ತಿಳಿದಿರಲಿಲ್ಲ. ಆದರೂ ವರ್ಣಿಸಿದ ವಸ್ತುವನ್ನು ಕೊಡಲಿಲ್ಲವಾದ್ದರಿಂದ ಆತನು ಪರಿಹಾರ ತೆರಬೇಕಾಯಿತು.

ಈ ಮೂರನೆಯವನು ಪಾಪಿಯೇ? ಅಸತ್ಯದ ಮೂಲ ಪ್ರಮತ್ತಯೋಗದಲ್ಲಿದೆ, ಅಂದರೆ ಕಷಾಯದಿಂದ ಅಥವಾ ಎಚ್ಚರಗೇಡಿತನದಿಂದ ಕೂಡಿದ ಪ್ರವೃತ್ತಿಯಲ್ಲಿದೆ ಎಂದು ಜೈನದರ್ಶನ ಹೇಳುತ್ತದೆ. ನಿರ್ಮಲವಾದ ನಂಬಿಕೆಯಿಂದ ತಪ್ಪು ಹೇಳಿದವನು ಹಣವನ್ನು ಹಿಂತಿರುಗಿಸಬೇಕಾದೀತು. ಆದರೆ ಅವನ ವ್ರತ ಮುರಿದಿಲ್ಲ. ಇದೇ ಮಾನದಂಡ ಇನ್ನೊಂದು ಬಗೆಯ ಅಜ್ಞಾನವನ್ನು ಕ್ಷಮಿಸುವುದಿಲ್ಲ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಬೆಲೆ ಇಳಿಸಬೇಕಾದೀತೆಂದು ಬೇಕೆಂದೇ ನೋಡದೆ ಉಳಿದು, ಆಮೇಲೆ “ನನಗೆ ಗೊತ್ತಿಲ್ಲ” ಎನ್ನುವವನ ಅಜ್ಞಾನ ಅದು. ಆ ಮಾತು ಅಕ್ಷರಶಃ ನಿಜ. ಆ ಅಜ್ಞಾನ ಮಾತ್ರ ಲೋಭದಿಂದ ಸಂಪಾದಿಸಿದ್ದು.

ಹಾಗಾದರೆ ಪ್ರಾಮಾಣಿಕನು ಹೇಗೆ ಮಾತನಾಡಬೇಕು? ಸ್ಯಾದ್ವಾದದ ಶಿಕ್ಷಣ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಯಾವ ದೃಷ್ಟಿಯಿಂದ, ಎಷ್ಟರಮಟ್ಟಿಗೆ ಎಂಬ ಮಿತಿಯೊಡನೆ ಆಡಿದ ಮಾತೇ ಪೂರ್ಣ ಸತ್ಯಕ್ಕೆ ಹತ್ತಿರವಾದುದು. “ಎಂಜಿನ್ ನನ್ನ ಬಳಿ ನಾಲ್ಕು ವರ್ಷ ತೊಂದರೆ ಕೊಟ್ಟಿಲ್ಲ. ಎಡಗಡೆಯ ಸಿಲ್ ನಾನೇ ಬದಲಾಯಿಸಿದ್ದು, ಅದರ ರಸೀದಿ ಇದೆ. ಬಲಗಡೆಯದರ ಮೇಲೆ ತಗಡು ಬೆಸೆದಿದೆ. ಅದು ನನಗಿಂತ ಹಿಂದಿನವರ ಕೆಲಸ, ಅದರ ಒಳಗಿನ ಸ್ಥಿತಿ ತಿಳಿಯದು.” ಈ ನಾಲ್ಕು ವಾಕ್ಯಗಳಲ್ಲಿ ತಿಳಿದದ್ದು, ತಿಳಿಯದ್ದು, ತಿಳಿದದ್ದರ ಆಧಾರ ಮೂರೂ ಅಡಕವಾಗಿವೆ. ಇಷ್ಟು ಕೇಳಿದ ಮೇಲೆ ಕೊಳ್ಳುವವನು ಬಲಗಡೆಯ ಸಿಲ್ ಪೂರ್ತಿ ಕೊಳೆತಿದೆಯೆಂದೇ ಲೆಕ್ಕ ಹಾಕಿ ಬೆಲೆ ಕಟ್ಟಬಹುದು. ಇಬ್ಬರಿಗೂ ತಿಳಿಯದ ಆ ಭಾಗದ ನಷ್ಟವನ್ನು ಹಂಚಿಕೊಳ್ಳುವುದೇ ಆಗ ಚೌಕಾಸಿಯ ವಿಷಯವಾಗುತ್ತದೆ.

ಕೊಳ್ಳುವವನ ಮೌನ

ಮಾರುವವನ ಕರ್ತವ್ಯದ ಬಗ್ಗೆ ಧರ್ಮೋಪದೇಶಗಳು ಹೇರಳವಾಗಿವೆ. ಕೊಳ್ಳುವವನ ಕರ್ತವ್ಯವನ್ನು ಕುರಿತ ಚರ್ಚೆ ಕಡಿಮೆ. ಆದರೆ ತಿಳಿವಳಿಕೆಯ ತಕ್ಕಡಿ ಕೆಲವೊಮ್ಮೆ ಕೊಳ್ಳುವವನ ಕಡೆಗೂ ವಾಲುತ್ತದೆ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಷೆಡ್ಡಿನಲ್ಲಿ ಧೂಳು ಹಿಡಿದು ನಿಂತ ಕಾರನ್ನು ಗುಜರಿಯೆಂದೇ ನಂಬಿ 500 ಪೌಂಡಿಗೆ ಮಾರಲು ಸಿದ್ಧಳಾಗಿದ್ದಾಳೆ. ನೋಡಲು ಬಂದವನು ಸಂಖ್ಯಾಫಲಕವನ್ನು ಓದಿದೊಡನೆ ಅದು ಅಪರೂಪದ ಕಾರೆಂದೂ ಈ ಸ್ಥಿತಿಯಲ್ಲಿಯೂ ಅದರ ಬೆಲೆ ಇಪ್ಪತ್ತು ಪಟ್ಟು ಎಂದೂ ಅರಿಯುತ್ತಾನೆ. ಆತನು ಬಾಯಿ ಮುಚ್ಚಿಕೊಂಡು ಹಣ ಎಣಿಸಬಹುದೇ?

ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1817ರಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಿತ್ತು. ಬ್ರಿಟನ್ನಿನೊಡನೆ ಯುದ್ಧ ನಿಂತು ಶಾಂತಿ ಒಪ್ಪಂದವಾದ ಸುದ್ದಿ ನ್ಯೂ ಆರ್ಲಿಯನ್ಸ್‌ನಲ್ಲಿ ಹರಡುವ ಮೊದಲೇ ಅದನ್ನು ತಿಳಿದಿದ್ದ ವರ್ತಕನೊಬ್ಬನು ದೊಡ್ಡ ಪ್ರಮಾಣದ ಹೊಗೆಸೊಪ್ಪನ್ನು ಕೊಂಡುಬಿಟ್ಟನು. ಸುದ್ದಿ ಹರಡಿದೊಡನೆ ಬೆಲೆ ಏರಿತು. ಆ ಸುದ್ದಿಯನ್ನು ತಿಳಿಸುವ ಬಾಧ್ಯತೆ ಆತನಿಗಿರಲಿಲ್ಲವೆಂದು ಮುಖ್ಯ ನ್ಯಾಯಾಧೀಶ ಮಾರ್ಷಲ್ ಅಭಿಪ್ರಾಯಪಟ್ಟರು. ಎದುರಾಳಿಯನ್ನು ದಾರಿ ತಪ್ಪಿಸುವಂಥ ಏನನ್ನೂ ಹೇಳಬಾರದು, ಮಾಡಬಾರದು ಎಂದೂ ಸೇರಿಸಿದರು. ಕಾನೂನಿಗೆ ಇಷ್ಟು ಸಾಕು. ಧರ್ಮಕ್ಕೆ ಸಾಕೇ?

ಕಳವೆಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು, ಅದತ್ತಾದಾನ, ಎಂಬುದು ಜೈನಶಾಸ್ತ್ರದ ಲಕ್ಷಣ. ಈ ಲಕ್ಷಣವನ್ನು ಹಿಡಿದು ಮುಂದುವರಿದರೆ ಒಂದು ಸ್ವಾರಸ್ಯವಾದ ನಿಷ್ಕರ್ಷೆಗೆ ತಲುಪಬಹುದು. ಕೊಡುವುದೆಂದರೆ ಬರಿದೆ ಕೈಯಿಂದ ಕೈಗೆ ದಾಟಿಸುವುದಷ್ಟೇ ಅಲ್ಲ. ಏನನ್ನು ಕೊಡುತ್ತಿದ್ದೇನೆಂಬ ಅರಿವಿನಿಂದ ಬಿಟ್ಟುಕೊಡುವುದು. ಆ ವೃದ್ಧೆ ಬಿಟ್ಟುಕೊಟ್ಟದ್ದು ಗುಜರಿಯನ್ನು. ಅಪರೂಪದ ಕಾರನ್ನು ಆಕೆ ಕೊಡಲೇ ಇಲ್ಲ. ಅದು ತನ್ನಲ್ಲಿದೆಯೆಂದೇ ಆಕೆಗೆ ತಿಳಿದಿರಲಿಲ್ಲ. ಹಾಗೆಯೇ ಪುಟ್ಟಿ ಮೆತ್ತಿದ ಕಾರಿಗೆ 8,000 ಪೌಂಡ್ ಕೊಟ್ಟವನು ಆ ಹಣವನ್ನು ಕೊಟ್ಟದ್ದು ಗಟ್ಟಿಯಾದ ಕಾರಿಗೆ. ಕೊಳೆತ ಕಾರಿಗಾಗಿ ಆತನು ಅಷ್ಟನ್ನು ಕೊಡಲಿಲ್ಲ. ಎರಡು ಕಡೆಯೂ ಪಡೆದವನ ಕೈಯಲ್ಲಿರುವುದು ಅದತ್ತ. ಮಾರುವವನ ಮೋಸವೂ ಕೊಳ್ಳುವವನ ಮೌನವೂ ಈ ಒಂದು ಮಾತಿನಲ್ಲಿ ಸಮಾನವಾಗಿ ನಿಲ್ಲುತ್ತವೆ.

ಇದಕ್ಕೊಂದು ಆಕ್ಷೇಪ ಬರಬಹುದು. ಎಲ್ಲ ವ್ಯಾಪಾರದಲ್ಲಿಯೂ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ತಿಳಿದಿರುತ್ತದೆ. ವರ್ಷಗಟ್ಟಲೆ ಶ್ರಮಪಟ್ಟು ಗಳಿಸಿದ ಜ್ಞಾನದಿಂದ ಲಾಭ ಪಡೆಯಬಾರದೆಂದರೆ ಯಾರು ತಾನೇ ಕಲಿಯುತ್ತಾರೆ? ಆಕ್ಷೇಪದಲ್ಲಿ ಹುರುಳಿದೆ. ಆದುದರಿಂದ ತಿಳಿದದ್ದನ್ನೆಲ್ಲ ಹೇಳಬೇಕೆಂಬ ನಿಯಮ ಅತಿಯಾದೀತು. ಎರಡು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳುವುದು ಲೇಸು. ಎದುರಿಗಿರುವವರು ಸಾಮಾನ್ಯ ಎಚ್ಚರದಿಂದ ಇದನ್ನು ತಿಳಿದುಕೊಳ್ಳಬಲ್ಲರೇ? ತಿಳಿದಿದ್ದರೆ ಈ ಒಪ್ಪಂದಕ್ಕೆ ಅವರು ಒಪ್ಪುತ್ತಿದ್ದರೇ? ಎರಡಕ್ಕೂ ಉತ್ತರ ಇಲ್ಲವೆಂದಾದರೆ ಹೇಳುವುದೇ ಧರ್ಮ. ಕಾರಿನ ಸಂಗ್ರಾಹಕನೊಬ್ಬನಿಂದ ಕೊಳ್ಳುವಾಗ ಬಾಯಿ ಮುಚ್ಚಿಕೊಂಡಿರುವುದು ಜಾಣತನವೆನಿಸಬಹುದು. ಆ ವೃದ್ಧೆಯೆದುರು ಅದೇ ಮೌನ ಅಪಹರಣವಾಗುತ್ತದೆ. ಆಕೆಗೆ ನಿಜವನ್ನು ತಿಳಿಸಿ, ತನ್ನ ಶ್ರಮ ಮತ್ತು ಅರಿವಿಗೆ ಸಲ್ಲಬೇಕಾದ ರಿಯಾಯಿತಿಯನ್ನು ಬಾಯಿಬಿಟ್ಟು ಕೇಳಿದರೆ ಆಗ ಪಡೆದದ್ದು ದತ್ತ.

ಮೋಸದ ಪೆಟ್ಟು ಎದುರಿಗಿರುವವನ ಮೇಲಷ್ಟೇ ಬೀಳುವುದಿಲ್ಲ ಎಂಬುದನ್ನೂ ಅರ್ಥಶಾಸ್ತ್ರ ತೋರಿಸಿಕೊಟ್ಟಿದೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದುದು. 2001ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಒಳ್ಳೆಯ ಕಾರನ್ನೂ ಕೆಟ್ಟದ್ದನ್ನೂ ಬೇರ್ಪಡಿಸಿ ನೋಡಲಾಗದ ಕೊಳ್ಳುವವನು ಎಲ್ಲಕ್ಕೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರನ್ನು ಕೊಡಲು ಮನಸ್ಸಾಗದೆ ಅದರ ಒಡೆಯರು ಹಿಂದೆ ಸರಿಯುತ್ತಾರೆ. ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಹೀಗೆ ಒಬ್ಬನ ಸುಳ್ಳು ತಾನು ಎಂದೂ ಕಾಣದ ಸತ್ಯವಂತರ ಗಂಟಿಗೂ ಕೈಹಾಕುತ್ತದೆ.

ಪ್ರಾಣದ ಪ್ರಶ್ನೆ

ಇಲ್ಲಿಯವರೆಗಿನ ವಿಚಾರ ಹಣಕ್ಕೆ ಸಂಬಂಧಿಸಿದ್ದು. ಕಾರಿನ ವಿಷಯದಲ್ಲಿ ಅದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ಕೊಳೆತ ಸಿಲ್ ಅಪಘಾತದ ಹೊತ್ತಿನಲ್ಲಿ ಕಾಗದದಂತೆ ಮಡಿಸಿಕೊಳ್ಳಬಹುದು. ಸವೆದ ಬ್ರೇಕ್ ಪೈಪು ಇಳಿಜಾರಿನಲ್ಲಿ ಒಡೆಯಬಹುದು. ಪಕ್ಕದ ಆಸನದಲ್ಲಿ ಕುಳಿತವರಾಗಲಿ, ರಸ್ತೆ ದಾಟುವ ಮಗುವಾಗಲಿ ಈ ಒಪ್ಪಂದದಲ್ಲಿ ಪಾಲುದಾರರಲ್ಲ. ಬೆಲೆಯಲ್ಲಿ ಎಷ್ಟು ರಿಯಾಯಿತಿ ದೊರೆತರೂ ಅದರಲ್ಲಿ ಅವರಿಗೆ ಪಾಲಿಲ್ಲ. “ಕಂಡಂತೆ ಮಾರಾಟ, ಆಮೇಲೆ ತಕರಾರಿಲ್ಲ” ಎಂಬ ಕರಾರಿಗೆ ಕೊಳ್ಳುವವನು ಸಹಿ ಹಾಕಬಲ್ಲನು. ಅವರ ಪರವಾಗಿ ಸಹಿ ಹಾಕುವ ಅಧಿಕಾರ ಆತನಿಗಿಲ್ಲ.

ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯಿದೆ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ರಸ್ತೆಗಿಳಿಸಲು ಯೋಗ್ಯವಲ್ಲದ ವಾಹನವನ್ನು ಮಾರುವುದು ಅಲ್ಲಿ ಅಪರಾಧ. ದುರಸ್ತಿಯಾಗುವವರೆಗೆ ಅದನ್ನು ರಸ್ತೆಯಲ್ಲಿ ಬಳಸುವುದಿಲ್ಲವೆಂದು ನಂಬಲು ಸಕಾರಣವಿದ್ದರೆ ವಿನಾಯಿತಿ ಉಂಟು. ಇನ್ನೊಂದು ಕಡೆ, 2018ರ ಮೇ ತಿಂಗಳಿಂದ, ನಲವತ್ತು ವರ್ಷ ಮೀರಿದ ಮತ್ತು ಮೂಲರೂಪದಲ್ಲಿ ಹೆಚ್ಚಿನ ಬದಲಾವಣೆ ಕಾಣದ ಕಾರುಗಳಿಗೆ ಅಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. 1980ರಲ್ಲಿಯೇ ತಯಾರಿಕೆ ನಿಂತ ಎಂಜಿಬಿಗಳು ಈ ವಿನಾಯಿತಿಯ ವ್ಯಾಪ್ತಿಯೊಳಗೆ ಬಂದಿವೆ. ಕಾರನ್ನು ಸುಸ್ಥಿತಿಯಲ್ಲಿಡುವ ಹೊಣೆ ಒಡೆಯನ ಮೇಲೆ ಹಾಗೆಯೇ ಉಳಿದಿದೆ. ವರ್ಷಕ್ಕೊಮ್ಮೆ ಕೆಳಗೆ ನುಸುಳಿ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದ ಪರೀಕ್ಷಕನು ಮಾತ್ರ ಈಗ ಬರಲೇಬೇಕೆಂದಿಲ್ಲ. ಪರೀಕ್ಷಕನು ಹಿಂದೆ ಸರಿದ ಜಾಗದಲ್ಲಿ ಮಾರುವವನ ಮನಸ್ಸಾಕ್ಷಿ ನಿಲ್ಲಬೇಕಾಗಿದೆ. ಬೆಲೆಯ ವಿಷಯದಲ್ಲಿ ಆತನಿಗೆ ಮೌನದ ಹಕ್ಕಿರಬಹುದು; ಪ್ರಾಣಾಪಾಯದ ವಿಷಯದಲ್ಲಿ ಆ ಹಕ್ಕಿಲ್ಲ. ಕೇಳದಿದ್ದರೂ, ವ್ಯಾಪಾರ ಮುರಿದುಬಿದ್ದರೂ ಹೇಳಲೇಬೇಕು. ಇಲ್ಲಿ ಸತ್ಯವ್ರತವು ಅಹಿಂಸಾವ್ರತದ ಅಂಗವಾಗಿಯೇ ನಿಲ್ಲುತ್ತದೆ.

ಆಸೆಯೊಡನೆ ಚೌಕಾಸಿ

ಕೊನೆಯದಾಗಿ, ಕೊಳ್ಳುವವನು ಮೋಸಹೋಗುವುದು ಎಷ್ಟೋ ಸಲ ಮಾರುವವನಿಂದಲ್ಲ, ತನ್ನ ಮೋಹದಿಂದ. ಚಿಕ್ಕಂದಿನಲ್ಲಿ ಕಂಡು ಬಯಸಿದ್ದ ಕೆಂಪು ಕಾರು ಎದುರಿಗೆ ನಿಂತಾಗ ಬಾಗಿಲ ಸಂದಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಮನಸ್ಸು ಅದನ್ನು ಒಪ್ಪುವುದಿಲ್ಲ. ದುರಸ್ತಿಗೆ ಎರಡು ಸಾವಿರ ಸಾಕೆಂದು ಅದು ಲೆಕ್ಕ ಹಾಕುತ್ತದೆ, ನಾಲ್ಕು ಬೇಕೆಂದು ಒಳಗೆ ತಿಳಿದಿದ್ದರೂ. ಪರಿಗ್ರಹಪರಿಮಾಣ ವ್ರತವು ಕೊಳ್ಳುವ ಮೊದಲೇ ಮಿತಿಯನ್ನು ನಿಶ್ಚಯಿಸಿಕೊಳ್ಳಲು ಹೇಳುವುದರ ವಿವೇಕ ಇಲ್ಲಿ ಗೋಚರಿಸುತ್ತದೆ. ಕಾರನ್ನು ನೋಡುವ ಮೊದಲು ಬರೆದಿಟ್ಟುಕೊಂಡ ಅಂಕಿ ನೋಡಿದ ಮೇಲೆ ಹುಟ್ಟುವ ಆಸೆಗೆ ಅಂಕುಶ. ಮೊದಲು ತನ್ನೊಡನೆ ಪ್ರಾಮಾಣಿಕವಾಗಿ ಚೌಕಾಸಿ ಮಾಡಿದವನು ಇತರರೊಡನೆ ಸುಳ್ಳಾಡಬೇಕಾದ ಪ್ರಸಂಗ ಕಡಿಮೆ. ಹೆಚ್ಚು ಕೊಡಲಾರೆನೆಂದು ಆತನು ಹೇಳಿದಾಗ ಅದು ತಂತ್ರವಾಗಿರುವುದಿಲ್ಲ, ನಿಜವೇ ಆಗಿರುತ್ತದೆ.

ಹೀಗೆ ನಡೆದ ವ್ಯವಹಾರ ನಷ್ಟದ್ದೇನೂ ಅಲ್ಲ. ಮಾರುವವನು ಬಲಗಡೆಯ ಸಿಲ್‌ನ ಸಂದೇಹವನ್ನೂ ಬ್ರೇಕ್ ಪೈಪುಗಳ ಸವೆತವನ್ನೂ ತಾನಾಗಿಯೇ ಹೇಳುತ್ತಾನೆ. ಕೊಳ್ಳುವವನು ಕಾರು ತನಗೆ ಮೆಚ್ಚಿಗೆಯಾಗಿದೆಯೆಂಬುದನ್ನು ಬಚ್ಚಿಡದೆ, ದುರಸ್ತಿಯ ಅಂದಾಜನ್ನು ಮುಂದಿಟ್ಟು ಕಡಿಮೆ ಬೆಲೆಗೆ ಕೇಳುತ್ತಾನೆ. ಇಬ್ಬರೂ ತಮ್ಮ ಮಿತಿಯನ್ನು ಹೇಳುವುದಿಲ್ಲ, ಹೇಳದಿರುವುದನ್ನು ಸುಳ್ಳಿನಿಂದ ಮುಚ್ಚುವುದೂ ಇಲ್ಲ. ಏಳೂಕಾಲು ಸಾವಿರಕ್ಕೆ ಮಾತು ಮುಗಿಯುತ್ತದೆ. ದೋಷಗಳ ಪಟ್ಟಿಯನ್ನು ರಸೀದಿಯ ಮೇಲೆಯೇ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಬ್ರೇಕ್ ಪೈಪುಗಳು ಬದಲಾಗುವವರೆಗೆ ಕಾರು ಲಾರಿಯ ಮೇಲೆಯೇ ಸಾಗುತ್ತದೆ. ಆರು ತಿಂಗಳಾದ ಮೇಲೆ ಸಿಲ್ ಕತ್ತರಿಸಿ ನೋಡಿದಾಗ ಒಳಗೆ ಏನೇ ಕಂಡರೂ, ಕೊಂಡವನು ಮಾರಿದವನನ್ನು ಶಪಿಸುವ ಕಾರಣವಿರುವುದಿಲ್ಲ. ಅದನ್ನು ಕಂಡು ಮಾರಿದವನು ತಲೆ ತಗ್ಗಿಸುವ ಕಾರಣವೂ ಇರುವುದಿಲ್ಲ. ಅಣುವ್ರತಗಳು ಗೃಹಸ್ಥನನ್ನು ವ್ಯಾಪಾರದಿಂದ ಹೊರಗೆ ಕರೆದೊಯ್ಯುವುದಿಲ್ಲ. ವ್ಯಾಪಾರದ ನಡುವೆಯೇ ಪರಸ್ಪರ ಮುಖ ನೋಡಿ ಬಾಳಲು ಅವು ದಾರಿ ಮಾಡಿಕೊಡುತ್ತವೆ.